ನಾಲ್ಕನೆಯ ಸ್ಕ್ರೂ

ಮೂರು ಸ್ಕ್ರೂ ಸಲೀಸಾಗಿ ಬಂದವು. ನಾಲ್ಕನೆಯದಕ್ಕೆ ಮೊನೆ ಇಟ್ಟು ತಿರುಗಿಸಿದಾಗ ಕೈಗೆ ಹಿತವಾದ ಒಂದು ಸಡಿಲ ಸಿಕ್ಕಿತು, ಬಿಚ್ಚಿಕೊಂಡಿತು ಅಂದುಕೊಂಡೆ. ಎತ್ತಿ ನೋಡಿದರೆ ಸ್ಕ್ರೂ ಇದ್ದಲ್ಲೇ ಇತ್ತು. ಅದರ ತಲೆಯ ಮೇಲಿನ ಪ್ಲಸ್ ಆಕಾರದ ತೋಡು ಸವೆದು ಸಣ್ಣ ಬಟ್ಟಲಿನ ಹಾಗೆ ದುಂಡಗಾಗಿತ್ತು. ಸ್ಕ್ರೂಡ್ರೈವರಿನ ಮೊನೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅದೂ ದುಂಡಗಾಗಿತ್ತು. ಎರಡೂ ಒಂದನ್ನೊಂದು ತಿಂದು ಮುಗಿಸಿದ್ದವು.

ಮೇಜಿನ ಆಚೆ ಕೂತಿದ್ದ ಅಪ್ಪ ಬೆರಳಿನಿಂದ ಎರಡು ಸಲ ತಟ್ಟಿದರು. ಒಂದು ತಟ್ಟಿದರೆ ಹೌದು, ಎರಡು ತಟ್ಟಿದರೆ ಬೇಡ. ಗೋಡೆಯ ಗಡಿಯಾರದಲ್ಲಿ ಹನ್ನೊಂದೂವರೆ. ಮೂರು ಗಂಟೆಗೆ ಅಪ್ಪ ಮಾತಾಡಬೇಕಿತ್ತು. ಮೇಜಿನ ಮೇಲೆ ಅರ್ಧ ಕಳಚಿಕೊಂಡು ಬಿದ್ದಿದ್ದದ್ದು ಅವರ ದನಿ.

ಎಂಟು ತಿಂಗಳ ಹಿಂದೆ ಆಸ್ಪತ್ರೆಯಲ್ಲಿ ಅವರ ಧ್ವನಿಪೆಟ್ಟಿಗೆಯನ್ನು ತೆಗೆದುಹಾಕಿದ್ದರು. ಈಗ ಉಸಿರಾಟವೆಲ್ಲ ಕತ್ತಿನ ಬುಡದಲ್ಲಿರುವ ತೂತಿನಿಂದ. ಅದರ ಮೇಲೊಂದು ತೆಳು ಬಟ್ಟೆ. ಮಾತಿಗೆ ಈ ಯಂತ್ರ. ಸಣ್ಣ ಟಾರ್ಚಿನಷ್ಟಿದೆ. ಗಂಟಲಿಗೆ ಒತ್ತಿ ಗುಂಡಿ ಅದುಮಿದರೆ ಗುಂಯ್‌ಗುಡುತ್ತದೆ, ಆ ಸದ್ದನ್ನು ಅಪ್ಪ ನಾಲಿಗೆ ತುಟಿಗಳಿಂದ ಮಾತಾಗಿ ಕಡೆಯುತ್ತಾರೆ. ನಮ್ಮ ಮನೆಯಲ್ಲಿ ಅದರ ಹೆಸರು ಜೀರುಂಡೆ. ಹೆಸರಿಟ್ಟವರು ಅಪ್ಪನೇ. ಅದರಲ್ಲಿ ಅವರು ಆಡಿದ ಮೊದಲ ಮಾತೇ ಅದು: "ಜೀರುಂಡೆ ನುಂಗಿದ ಹಾಗಿದೆ."

ಬೆಳಿಗ್ಗೆ ಜೀರುಂಡೆ ಎರಡು ಸಲ ಕೆರಕೆರ ಎಂದು ಸುಮ್ಮನಾಯಿತು. ಹೊಸ ಬ್ಯಾಟರಿ ಹಾಕಿದರೂ ಅಷ್ಟೇ. ಅಲ್ಲಾಡಿಸಿದರೆ ಒಳಗೆ ಏನೋ ಕಿಟಕಿಟ ಅನ್ನುತ್ತಿತ್ತು. ಆಸ್ಪತ್ರೆಗೆ ಫೋನ್ ಮಾಡಿದರೆ, "ಹೊಸದಕ್ಕೆ ಹೆಸರು ಬರೆಸಿ, ಆರು ವಾರ ಆಗತ್ತೆ" ಎಂದರು. ನಾನು ಬಸ್ ನಿಲ್ದಾಣದ ಹತ್ತಿರದ ಅಂಗಡಿಗೆ ಓಡಿ, ಮೂವತ್ತೊಂದು ಮೊನೆಗಳಿರುವ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ತಂದೆ. ಮೂವತ್ತೊಂದಿವೆಯಲ್ಲ, ಒಂದಾದರೂ ಸರಿಹೋಗದೆ ಇರುತ್ತದೆಯೇ ಎಂಬುದು ನನ್ನ ಲೆಕ್ಕ.

ಅಪ್ಪ ಮಾತಾಡಬೇಕಿದ್ದದ್ದು ಕಾರ್ಮಿಕ ಇಲಾಖೆಯ ಒಂದು ವಿಚಾರಣೆಯಲ್ಲಿ. ಅವರು ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಕತ್ತರಿಸುವ ಯಂತ್ರಕ್ಕೆ ನಿಂತವರು. ಹದಿನಾಲ್ಕು ತಿಂಗಳ ಹಿಂದೆ, ಅಪ್ಪ ರಜೆ ಹಾಕಿದ್ದ ಒಂದು ದಿನ, ಅವರ ಜೊತೆಗಾರ ಆ ಯಂತ್ರಕ್ಕೆ ನಿಂತು ಬಲಗೈಯ ಮೂರು ಬೆರಳು ಕಳೆದುಕೊಂಡ. ಎತ್ತರದ ಆಳು, ನಾವೆಲ್ಲ ಉದ್ದಣ್ಣ ಅನ್ನುತ್ತೇವೆ. ಅಲಗಿಗೆ ಕೈ ತಾಗದಂತೆ ಅಡ್ಡವಿರಬೇಕಿದ್ದ ಗಾರ್ಡನ್ನು ಅವನೇ ಬಿಚ್ಚಿಟ್ಟಿದ್ದ ಎಂದು ಕಾರ್ಖಾನೆ ಬರೆದು, ಕೆಲಸದಿಂದ ತೆಗೆಯಿತು. ಗಾರ್ಡನ್ನು ಎಂಟು ದಿನ ಮೊದಲೇ ಮೇಲ್ವಿಚಾರಕ ಬಿಚ್ಚಿಸಿದ್ದನ್ನು ಕಂಡವರು ಅಪ್ಪ ಒಬ್ಬರೇ. ವಿಚಾರಣೆ ಎರಡು ಸಲ ಮುಂದಕ್ಕೆ ಹೋಗಿತ್ತು. ಇವತ್ತು ಅಪ್ಪ ಮಾತಾಡದಿದ್ದರೆ ಕಡತ ಮುಚ್ಚುತ್ತದೆ, ಉದ್ದಣ್ಣನ ತಪ್ಪೇ ಕಾಯಂ.

ಬರೆದು ಕೊಡಬಹುದಿತ್ತಲ್ಲ ಅನ್ನಿಸಬಹುದು. ಕೊಟ್ಟಿದ್ದೆವು. ಬರೆದವನು ನಾನು. ಅಪ್ಪ ತುಟಿಯಾಡಿಸಿ ಹೇಳಿದ್ದನ್ನು ಎರಡು ದಿನ ಕೂತು ಚೊಕ್ಕ ಭಾಷೆಗೆ ಇಳಿಸಿದ್ದೆ. ಹಿಂದಿನ ವಿಚಾರಣೆಯಲ್ಲಿ ಕಾರ್ಖಾನೆಯ ವಕೀಲರು ಅದನ್ನು ಎತ್ತಿ ಹಿಡಿದು, "ಇಷ್ಟು ಚೆಂದ ಮಷಿನ್ನಿಗೆ ನಿಂತೋರು ಬರೀತಾರಾ? ಇದು ಪದವೀಧರ ಮಗನ ಪ್ರಬಂಧ" ಎಂದರು. ಇಲಾಖೆಯ ಅಧಿಕಾರಿ ಒಪ್ಪಿಕೊಂಡರು. ಇನ್ನು ಅಪ್ಪ ತಮ್ಮ ಬಾಯಿಂದಲೇ ಉತ್ತರ ಕೊಡಬೇಕು. ತುಟಿ ಓದಿ ಹೇಳುವುದಕ್ಕೆ ಮಗ ನಡುವೆ ಬರುವ ಹಾಗಿಲ್ಲ.

ವಕೀಲರಿಗೆ ಗೊತ್ತಿಲ್ಲದ್ದು ಒಂದಿತ್ತು. ಆ ಹೇಳಿಕೆಯಲ್ಲಿ ಒಂದು ಸಾಲು ಅಪ್ಪ ಹೇಳಿದ್ದಲ್ಲ. "ಇದರಿಂದ ಅಪಾಯವಾದೀತೆಂದು ನಾನು ಅಂದೇ ಮೇಲ್ವಿಚಾರಕರನ್ನು ಎಚ್ಚರಿಸಿದ್ದೆ." ಬರೆಯುತ್ತಾ ಬರೆಯುತ್ತಾ ಅದು ತಾನಾಗಿ ಬಂತು. ಆ ಸಾಲಿಲ್ಲದಿದ್ದರೆ ಅಪ್ಪ ಎಂಟು ದಿನ ಸುಮ್ಮನಿದ್ದ ಹಾಗೆ ಕಾಣುತ್ತಿತ್ತು. ಸಹಿ ಹಾಕುವ ಮುಂಚೆ ಅಪ್ಪ ಓದಿದರು. ಆ ಸಾಲಿನ ಹತ್ತಿರ ಅವರ ಬೆರಳು ನಿಂತಿತು. ನಾನು ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಪೆನ್ನಿನ ಸದ್ದು ಕೇಳಿಸಿತು. ಅದರ ಪ್ರತಿ ಓದಿದ ದಿನವೇ ಉದ್ದಣ್ಣ ಬಂದು, ಉಳಿದ ಎರಡು ಬೆರಳಿನಿಂದ ಅಪ್ಪನ ಭುಜ ಹಿಡಿದು ಅತ್ತಿದ್ದ. "ನೀನೊಬ್ಬನಾದ್ರೂ ಬಾಯಿ ಬಿಟ್ಟಿದ್ದೆಯಲ್ಲ ಅಣ್ಣ."

ಹಾಗಾಗಿ ಆ ಸ್ಕ್ರೂ ಸವೆದಾಗ ನನ್ನ ಕೈಗೆ ಸಿಕ್ಕಿದ ಹಿತವಾದ ಸಡಿಲ ಎಲ್ಲಿಂದ ಬಂತೆಂದು ನಾನು ಬಹಳ ಯೋಚಿಸಿದ್ದೇನೆ. ಬೇಕೆಂದು ಮಾಡಿದ್ದಲ್ಲ. ಆದರೆ ಜೀರುಂಡೆ ಸತ್ತರೆ ಆ ಸಾಲಿನ ಬಗ್ಗೆ ಅಪ್ಪನನ್ನು ಕೇಳುವವರಿಲ್ಲ ಎಂಬುದು ನನಗೆ ಗೊತ್ತಿತ್ತು.

ಫೋನ್ ಬಡಿದುಕೊಂಡಿತು. ಉದ್ದಣ್ಣ.

"ಹೊರಟ್ರಾ? ನಾನು ಆಗ್ಲೇ ಬಂದು ಮೆಟ್ಟಿಲ ಮೇಲೆ ಕೂತಿದೀನಿ."

"ಇನ್ನೂ ಹನ್ನೊಂದೂವರೆ ಉದ್ದಣ್ಣ."

"ಮನೇಲಿ ಕೂರಕ್ಕಾಗ್ಲಿಲ್ಲಪ್ಪ. ಅಣ್ಣಂಗೆ ಹೇಳು, ಇವತ್ತು ಜೀರುಂಡೆ ಜೋರಾಗಿ ಕೂಗ್ಬೇಕು ಅಂತ."

ಹೇಳ್ತೀನಿ ಎಂದು ಇಟ್ಟೆ. ಅಪ್ಪ ಆಗಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು.

ಮೊದಲು ಹಾರ್ಡ್‌ವೇರ್ ಅಂಗಡಿ. ಒಳ್ಳೆಯ ಸಣ್ಣ ಸ್ಕ್ರೂಡ್ರೈವರ್ ಬೇಕು ಎಂದೆ.

"ಸಣ್ಣದೂ ಇದೆ, ಒಳ್ಳೇದೂ ಇದೆ" ಎಂದ ಅಂಗಡಿಯವನು. "ಸಣ್ಣದ್ರಲ್ಲಿ ಒಳ್ಳೇದು ಮಾತ್ರ ಇಲ್ಲ."

ಅವನು ತೋರಿಸಿದ ಒಳ್ಳೆಯದನ್ನು ಸ್ಕ್ರೂ ಪಕ್ಕ ಹಿಡಿದರೆ ಇರುವೆಯ ಪಕ್ಕ ಒನಕೆ ಇಟ್ಟ ಹಾಗಿತ್ತು. ಸಣ್ಣದು ನನ್ನ ಪೆಟ್ಟಿಗೆಯದೇ ಅಣ್ಣತಮ್ಮ. ಅಂಥದ್ದನ್ನು ಈಗ ದೂರದಿಂದಲೇ ಗುರುತಿಸುವಷ್ಟಾಗಿದ್ದೆ: ಕನ್ನಡಿಯಂಥ ಹೊಳಪು, ಮೊನೆಯ ಅಂಚು ಮೇಣದ ಹಾಗೆ ಮೊಂಡು.

ಎರಡನೆಯದು ಮೊಬೈಲ್ ರಿಪೇರಿಯವನ ಗಾಜಿನ ಗೂಡು. ಅವನು ಜೀರುಂಡೆಯನ್ನು ದೀಪದ ಕೆಳಗೆ ಹಿಡಿದು ನಕ್ಕ.

"ಯಾರ್ರೀ ಇದನ್ನ ಮುಟ್ಟಿದ್ದು?"

"ನಾನೇ."

"ಕೈಯೋ, ರುಬ್ಬೋ ಕಲ್ಲೋ?"

ಅವನ ಸ್ಕ್ರೂಡ್ರೈವರ್ ನನ್ನದಕ್ಕಿಂತ ವಾಸಿ. ಆದರೂ ಜಾರಿತು. ತೋಡಿನ ಮೇಲೆ ರಬ್ಬರಿನ ಚೂರಿಟ್ಟು ಒತ್ತಿ ತಿರುಗಿಸಿದ, ರಬ್ಬರು ಹರಿಯಿತು. "ಕೊರೆದು ತೆಗೀಬಹುದು ಸಾರ್. ಆದ್ರೆ ಕೆಳಗಡೆನೇ ಬೋರ್ಡು. ಡ್ರಿಲ್ಲು ಕೂದಲೆಳೆಯಷ್ಟು ಜಾಸ್ತಿ ಇಳಿದ್ರೆ ಕಥೆ ಮುಗೀತು. ಮಾಡ್ಲಾ?"

ನಾನು ಅಪ್ಪನ ಕಡೆ ನೋಡಿದೆ. ಅವರು ಗಾಜಿನ ಮೇಲೆ ಎರಡು ತಟ್ಟಿದರು.

"ಹಾಗಾದ್ರೆ ಗಡಿಯಾರದಮ್ಮನ ಹತ್ರ ಹೋಗಿ. ಹಳೇ ಸೇತುವೆ ಇಳಿದ ತಕ್ಷಣ, ಮೆಟ್ಟಿಲ ಕೆಳಗಿನ ಅಂಗಡಿ. ಅವರ ಹತ್ರ ಇರೋ ಸ್ಕ್ರೂಡ್ರೈವರ್ ಈ ಊರಲ್ಲಿ ಇನ್ಯಾರ ಹತ್ರಾನೂ ಇಲ್ಲ. ಆದ್ರೆ ಕೈಗೆ ಕೊಡಲ್ಲ. ಮುಟ್ಟಕ್ಕೂ ಬಿಡಲ್ಲ. ನಾನು ಎರಡು ಸಲ ಹೋಗಿ ಬೈಸ್ಕೊಂಡು ಬಂದಿದೀನಿ."

ಸೇತುವೆಯ ಮೇಲೆ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಬಸ್ಸಿಳಿದು ನಡೆದೆವು. ಅಪ್ಪ ಬೇಗ ನಡೆದರೆ ಕತ್ತಿನ ಬಟ್ಟೆ ಒಳಕ್ಕೂ ಹೊರಕ್ಕೂ ಬಡಿದುಕೊಳ್ಳುತ್ತದೆ. ಆ ಸಣ್ಣ ಸದ್ದು ನನ್ನ ಪಕ್ಕದಲ್ಲೇ ಬರುತ್ತಿತ್ತು. ಏನಾದರೂ ಹೇಳಬೇಕು ಅನ್ನಿಸಿತು. "ಆ ಸಾಲಿನ ಬಗ್ಗೆ ಕೇಳಿದ್ರೆ ಏನು ಹೇಳ್ತೀರ ಅಪ್ಪ?" ಎಂದೆ. ಅದಕ್ಕೆ ಒಂದು ತಟ್ಟಲೂ ಬರುವುದಿಲ್ಲ, ಎರಡು ತಟ್ಟಲೂ ಬರುವುದಿಲ್ಲ. ಕೇಳಿದ ಮೇಲೆ ಅದು ಹೊಳೆಯಿತು. ಅಪ್ಪ ಮುಂದೆ ನೋಡುತ್ತಾ ನಡೆದರು.

ನಾವು ತಲುಪಿದಾಗ ಒಂದು ಗಂಟೆ. ಅರವತ್ತು ದಾಟಿದ ಒಬ್ಬ ಹೆಂಗಸು ಅಂಗಡಿಯ ಶಟರ್ ಎಳೆಯುತ್ತಿದ್ದರು.

"ಅಮ್ಮ, ಒಂದೇ ಒಂದು ಸ್ಕ್ರೂ—"

"ಊಟದ ಹೊತ್ತು. ಎರಡೂವರೆಗೆ ಬನ್ನಿ."

"ಅಷ್ಟೊತ್ತಿಗೆ ತಡ ಆಗೋಗತ್ತೆ. ಇವರು ನಮ್ಮಪ್ಪ, ಮೂರು ಗಂಟೆಗೆ—"

ಆಕೆ ನನ್ನನ್ನು ಬಿಟ್ಟು ಅಪ್ಪನ ಕತ್ತಿನ ಬಟ್ಟೆಯನ್ನೇ ನೋಡಿದರು. "ಏನಾಗ್ಬೇಕಿತ್ತು ನಿಮಗೆ?"

ಅಪ್ಪ ತುಟಿಯಾಡಿಸಿದರು. ನಾನು ಬಾಯಿ ತೆರೆದೆ.

"ನಿನ್ನ ಕೇಳ್ಲಿಲ್ಲ" ಎಂದರು ಆಕೆ.

ಅಪ್ಪ ಮತ್ತೆ ತುಟಿಯಾಡಿಸಿದರು, ನಿಧಾನವಾಗಿ. ಆಕೆ ಮುಳ್ಳು ಓಡುತ್ತಿದೆಯೋ ನಿಂತಿದೆಯೋ ಎಂದು ನೋಡುವ ಹಾಗೆ ಅವರ ಬಾಯನ್ನು ನೋಡಿದರು. "ಸ್ನೇಹಿತನ ಕೆಲಸವಾ?" ಅಪ್ಪ ಶಟರಿನ ಮೇಲೆ ಒಂದು ಸಲ ತಟ್ಟಿದರು. ಶಟರ್ ಮೇಲಕ್ಕೆ ಹೋಯಿತು.

ಅಂಗಡಿ ಎಂದರೆ ಒಂದು ಮೇಜು, ಒಂದು ದೀಪ, ಗೋಡೆಯ ತುಂಬ ಬೇರೆ ಬೇರೆ ಹೊತ್ತು ತೋರಿಸುವ ಗಡಿಯಾರಗಳು. ಮೇಜಿನ ಮೇಲೆ ಮರದ ದುಂಡು ಗೂಡಿನಲ್ಲಿ ಒಂಬತ್ತು ಸ್ಕ್ರೂಡ್ರೈವರ್ ನಿಂತಿದ್ದವು, ಒಂದೊಂದರ ಕತ್ತಿಗೆ ಒಂದೊಂದು ಬಣ್ಣದ ಬಳೆ. ಹೊಳಪೇನೂ ಇರಲಿಲ್ಲ. ಹಿಡಿಗಳು ಒಂದು ಕೈಯ ಬೆರಳುಗಳಿಗೆ ತಕ್ಕಂತೆ ಸವೆದಿದ್ದವು.

"ನಿನ್ನ ಸ್ಕ್ರೂಡ್ರೈವರ್ ಎಲ್ಲಿ, ತೋರ್ಸು."

ಕೊಟ್ಟೆ. ಆಕೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮೊನೆ ನೋಡಿ, ಪಕ್ಕದಲ್ಲಿದ್ದ ಸಾಣೆಕಲ್ಲಿಗೆ ಒಮ್ಮೆ ಉಜ್ಜಿದರು. "ಇದು ಉಕ್ಕಲ್ಲ, ಉಕ್ಕಿನ ವೇಷ. ಮೂವತ್ತೊಂದಿದೆಯಾ? ಮೂವತ್ತೊಂದು ಬಾರಿ ಮೋಸ ಹೋಗಿದೀಯ ಅಂತಾಯ್ತು." ಆಮೇಲೆ ಜೀರುಂಡೆಯನ್ನು ನೋಡಿದರು. "ಸ್ಕ್ರೂಡ್ರೈವರ್ ಮೊದಲು ಕೂರಬೇಕು, ಆಮೇಲೆ ತಿರುಗಬೇಕು. ನಿಂದು ಕೂತೇ ಇಲ್ಲ. ಅವಸರ."

ಕೆಂಪು ಬಳೆಯದನ್ನು ಇಟ್ಟು ನೋಡಿದರು, ತೋಡಿನಲ್ಲಿ ಅಲ್ಲಾಡಿತು. ಹಳದಿ ಬಳೆಯದು ಚಪ್ಪಟೆ ಅಲಗಿನದು. ಕೂದಲೆಳೆಯಷ್ಟು ಅಗಲ ಹೆಚ್ಚು, ಒಳಗೆ ಇಳಿಯಲಿಲ್ಲ. ಆಕೆ ಎರಡನ್ನೂ ಕೆಳಗಿಟ್ಟು ಸ್ಕ್ರೂ ತಲೆಯನ್ನು ಮತ್ತೆ ಭೂತಗನ್ನಡಿಯಲ್ಲಿ ನೋಡಿದರು. ಗೋಡೆಯ ಗಡಿಯಾರಗಳು ಒಂದಕ್ಕೊಂದು ಹೊಂದದೆ ಟಿಕ್ಕೆನ್ನುತ್ತಿದ್ದವು. ನನ್ನ ಜೇಬಿನಲ್ಲಿ ಫೋನ್ ಬಡಿದು ನಿಂತಿತು, ಮತ್ತೆ ಬಡಿಯಿತು.

ಆಕೆ ಹಳದಿಯದನ್ನು ಎತ್ತಿ ಸಾಣೆಕಲ್ಲಿನ ಮೇಲೆ ಎರಡು ಹನಿ ಎಣ್ಣೆ ಬಿಟ್ಟರು. ಅಲಗನ್ನು ಕಲ್ಲಿಗೆ ಒರಗಿಸಿ ಎಳೆಯತೊಡಗಿದರು. ಎಳೆದು ಭೂತಗನ್ನಡಿಯಲ್ಲಿ ನೋಡುವುದು, ತಿರುವಿ ಮತ್ತೆ ಎಳೆಯುವುದು. ನನಗೆ ಆಗ ಅರ್ಥವಾಯಿತು. ಸವೆದ ಬಟ್ಟಲಿನಲ್ಲಿ ಉಳಿದಿದ್ದ ಎರಡು ಚೂರು ಅಂಚಿಗೆ ಸರಿಯಾಗುವ ಹಾಗೆ ಅಲಗನ್ನು ತಿದ್ದುತ್ತಿದ್ದರು.

"ಅಮ್ಮ, ಹಾಗೆ ಮಾಡಿದ್ರೆ ಅದು ಮತ್ತೆ ಗಡಿಯಾರಕ್ಕೆ—"

"ಆಗಲ್ಲ."

"ಬೇರೆ ಯಾವ್ದಾದ್ರೂ ಹಳೇದು..."

"ಇದೇ ಹಳೇದು. ನಮ್ಮೆಜಮಾನ್ರದ್ದು. ಈಗ ಸುಮ್ನಿರು, ನೀನು ಮಾತಾಡಿದ್ರೆ ಅಳತೆ ತಪ್ಪತ್ತೆ."

ಒಂದೂ ನಲವತ್ತಕ್ಕೆ ಅಲಗನ್ನು ಸ್ಕ್ರೂ ಮೇಲೆ ಇಟ್ಟರು. ಹಿಡಿಯ ತುದಿಯನ್ನು ಅಂಗೈಗೆ ಆನಿಸಿ, ಎದ್ದು ನಿಂತು, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟರು. ತಿರುಗಿಸಲೇ ಇಲ್ಲ. ಎಷ್ಟೋ ಹೊತ್ತು ಬರೀ ಒತ್ತಿದರು. ಅಪ್ಪನ ಕತ್ತಿನ ಬಟ್ಟೆ ಅಲ್ಲಾಡುತ್ತಿರಲಿಲ್ಲ. ಅವರು ಉಸಿರು ಹಿಡಿದಿದ್ದರು. ಟಿಕ್ ಎಂದಿತು. ಯಾವುದೋ ಗಡಿಯಾರ ಅಂದುಕೊಂಡೆ. ಆಕೆಯ ಬೆರಳು ಕಾಲು ಸುತ್ತು ತಿರುಗಿತ್ತು. ಸ್ಕ್ರೂ ತಲೆಯೂ ಅದರ ಜೊತೆಗೆ ತಿರುಗಿತ್ತು.

ಒಳಗೆ ಬ್ಯಾಟರಿಗೆ ತಾಗುವ ತಗಡಿನ ಪಟ್ಟಿ ಹಸಿರು ಕಟ್ಟಿ ಕೆಳಕ್ಕೆ ಕುಸಿದಿತ್ತು. ಆಕೆ ಬ್ರಷ್ಷಿನಿಂದ ಕೆರೆದು, ಚಿಮಟದಲ್ಲಿ ಹಿಡಿದು ಎತ್ತಿ ಬಗ್ಗಿಸಿದರು. ಮುಚ್ಚಳ ಹಾಕಿ ಮೂರು ಸ್ಕ್ರೂ ಬಿಗಿದರು. ನಾನು ನಾಲ್ಕನೆಯದನ್ನು ಎತ್ತಿ ಕೊಟ್ಟೆ.

"ಅದನ್ನ ಹಾಕಲ್ಲ."

"ಯಾಕಮ್ಮ? ಬಂತಲ್ಲ, ವಾಪಸ್ಸೂ ಹೋಗತ್ತೆ."

"ಹೋಗತ್ತೆ. ಮುಂದಿನ ಸಲ ತೆಗೆಯೋರ ಗತಿ? ತಲೆ ಕೆಟ್ಟ ಸ್ಕ್ರೂನ ಗೊತ್ತಿದ್ದೂ ವಾಪಸ್ ಹಾಕೋ ಕೆಲಸ ಈ ಮೇಜಿನ ಮೇಲೆ ನಡೆಯಲ್ಲ. ಇದರ ಅಳತೇದು ನನ್ನ ಹತ್ರ ಬೇರೆ ಇಲ್ಲ. ಮೂರರಲ್ಲೇ ನಡೆಸಿ."

"ಆ ಮೂಲೆ ಬಾಯಿ ಬಿಟ್ಕೊಂಡಿದೆ. ಮಧ್ಯದಲ್ಲಿ ನಿಂತುಹೋದ್ರೆ? ಇವತ್ತೊಂದು ದಿನಕ್ಕೆ—"

ಮೇಜಿನ ಮೇಲೆ ಎರಡು ಸಲ ತಟ್ಟಿದ ಸದ್ದು. ಅಪ್ಪ ಕೈ ಚಾಚಿ ನನ್ನ ಬೆರಳುಗಳ ನಡುವಿನಿಂದ ಆ ಸ್ಕ್ರೂ ತೆಗೆದುಕೊಂಡರು. ನೋಡಿ ತಮ್ಮ ಜೇಬಿಗೆ ಹಾಕಿಕೊಂಡರು. ಆಕೆ ಜೀರುಂಡೆಯನ್ನು ಅವರ ಕೈಗಿತ್ತು, ಹೆಬ್ಬೆರಳನ್ನು ಹಿಡಿದು ಆ ಮೂಲೆಯ ಮೇಲೆ ಕೂರಿಸಿದರು. "ಇಲ್ಲಿ ಒತ್ತಿ. ಬಿಡ್ಬೇಡಿ."

ಅಪ್ಪ ಗಂಟಲಿಗೆ ಹಿಡಿದು ಗುಂಡಿ ಅದುಮಿದರು. ಗುಂಯ್ ಎಂದಿತು. "ಊಟ ಮಾಡ್ರಮ್ಮ, ಹೊತ್ತಾಯ್ತು."

ವಿಚಾರಣೆಯ ಕಟ್ಟಡ ತಲುಪಿದಾಗ ಮೂರಕ್ಕೆ ಐದು ನಿಮಿಷ. ಉದ್ದಣ್ಣ ಮೆಟ್ಟಿಲ ಮೇಲೆ ಬಲಗೈ ಜೇಬಿನಲ್ಲಿಟ್ಟು ನಿಂತಿದ್ದ. "ಫೋನ್ ಎತ್ತೋಕಾಗಲ್ವಾ? ಜೀವ ಬಾಯಿಗೆ ಬಂದಿತ್ತು ನಂಗೆ" ಎಂದು ನನ್ನ ಮೇಲೆ ಹರಿಹಾಯ್ದು, ಅಪ್ಪನ ಕಡೆ ನೋಡಿ ನಕ್ಕ. ಅಪ್ಪ ನಗಲಿಲ್ಲ.

ಉದ್ದನೆಯ ಮೇಜು. ಆ ತುದಿಗೆ ಅಧಿಕಾರಿ, ಒಂದು ಬದಿಗೆ ವಕೀಲರು, ಮೇಲ್ವಿಚಾರಕ, ಎದುರಿಗೆ ಅಪ್ಪ, ಉದ್ದಣ್ಣ. ನನ್ನನ್ನು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಅಪ್ಪ ಜೀರುಂಡೆ ಎತ್ತಿದಾಗ ಮೇಲ್ವಿಚಾರಕ ಕಣ್ಣು ತಪ್ಪಿಸಿದ.

"ಈ ಹೇಳಿಕೆ ನೀವೇ ಬರೆದದ್ದಾ?" ವಕೀಲರು ಕೇಳಿದರು.

"ಮಗ ಬರೆದದ್ದು. ವಿಷಯ ನಂದು."

"ಇದರಲ್ಲಿರೋ ಎಲ್ಲ ವಿಷಯಾನೂ ನಿಮ್ಮದೇನಾ?"

ಗುಂಯ್ ಸದ್ದು ಶುರುವಾಯಿತು, ಮಾತು ಬರಲಿಲ್ಲ. ಬರೀ ಸದ್ದು ಕೋಣೆಯಲ್ಲಿ ನಿಂತಿತ್ತು. ಹೌದೆಂದು ಒಂದು ಸಲ ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ಆಡಿಸಲಿ ಎಂದು ನಾನು ಬಯಸಿದೆ, ಬಯಸಿದ್ದನ್ನು ಮುಚ್ಚಿಡಲಾರೆ.

"ಒಂದು ಸಾಲು ಬಿಟ್ಟು" ಎಂದರು ಅಪ್ಪ. "ಎಚ್ಚರಿಸಿದ್ದೆ ಅಂತ ಇದೆಯಲ್ಲ, ಅದು—"

ಕೆರಕೆರ ಎಂದು ದನಿ ಸತ್ತಿತು. ಬೆವರಿಗೆ ಹೆಬ್ಬೆರಳು ಜಾರಿತ್ತು. ತುಟಿಗಳು ಮಾತ್ರ ಆಡುತ್ತಿದ್ದವು. ಅವು ಹೇಳುತ್ತಿದ್ದದ್ದು ಆ ಕೋಣೆಯಲ್ಲಿ ನನಗೊಬ್ಬನಿಗೇ ಓದಲು ಬರುತ್ತಿತ್ತು. ನಾನು ಎದ್ದು ನಿಂತೆ.

"ನೀವು ಕೂತ್ಕೊಳ್ಳಿ" ಎಂದರು ಅಧಿಕಾರಿ.

ಅಪ್ಪ ನನ್ನ ಕಡೆ ತಿರುಗಲಿಲ್ಲ. ಜೀರುಂಡೆಯನ್ನು ಕೆಳಗಿಟ್ಟು, ಅಂಗೈಯನ್ನು ಅಂಗಿಗೆ ಒರೆಸಿಕೊಂಡು, ಮತ್ತೆ ಎತ್ತಿ ಹೆಬ್ಬೆರಳನ್ನು ಮೂಲೆಯ ಮೇಲೆ ಇಟ್ಟರು. ಬರೀ ಒತ್ತಿದರು, ಉಗುರು ಬೆಳ್ಳಗಾಗುವವರೆಗೆ. ಆಮೇಲೆ ಗುಂಡಿ.

"ನಾನು ಯಾರನ್ನೂ ಎಚ್ಚರಿಸ್ಲಿಲ್ಲ. ಸೋಮವಾರ ಬೆಳಿಗ್ಗೆ ಗಾರ್ಡ್ ಬಿಚ್ಚಿದ್ರು. ರಟ್ಟು ಸಿಕ್ಕಿಹಾಕ್ಕೊಂಡು ಕೆಲಸ ನಿಧಾನ ಆಗತ್ತೆ ಅಂತ ಈ ಮೇಲ್ವಿಚಾರಕರೇ ನಿಂತು ಬಿಚ್ಚಿಸಿದ್ರು. ಅದರ ಆರು ಸ್ಕ್ರೂನೂ ನಾನೇ ಡಬ್ಬಿಗೆ ಹಾಕಿ, ಮಷಿನ್ ಹಿಂದಿನ ಕಿಟಕಿ ಮೇಲೆ ಇಟ್ಟೆ. ಡಬ್ಬಿ ಮೇಲೆ ತಾರೀಖು ಬರೆದೆ, ಅಭ್ಯಾಸ. ಇವರು ಅದರ ಕೆಳಗೆ ಸಹಿ ಮಾಡಿದ್ರು. ಎಂಟು ದಿನ ಅದೇ ಮಷಿನ್ನಲ್ಲಿ ಕೆಲಸ ಮಾಡ್ದೆ. ಒಂಬತ್ತನೇ ದಿನ ರಜೆ ಹಾಕ್ದೆ, ಇವನು ಬಂದು ನಿಂತ. ಗಾರ್ಡ್ ಇಲ್ಲ, ಜೋಪಾನ ಅಂತ ಇವನಿಗೂ ಹೇಳಿ ಕಳಿಸ್ಲಿಲ್ಲ. ಆಗ ನಂಗೆ ಗಂಟಲಿತ್ತು."

ಡಬ್ಬಿಯ ವಿಷಯವನ್ನು ಚಿಲ್ಲರೆ ಎಂದು ನಾನು ಹೇಳಿಕೆಯಲ್ಲಿ ಬಿಟ್ಟಿದ್ದೆ. ಅಧಿಕಾರಿಯ ಪೆನ್ನು ಓಡಿ ನಿಂತಿತು.

"ಡಬ್ಬಿ ಈಗಲೂ ಅಲ್ಲಿದೆಯಾ?"

"ನಾನು ಕೆಲಸ ಬಿಡೋವಾಗ ಇತ್ತು."

ಅಧಿಕಾರಿ ಮೇಲ್ವಿಚಾರಕನ ಕಡೆ ತಿರುಗಿದರು. ಅವನು ವಕೀಲರ ಕಡೆ ತಿರುಗಿದ. ವಕೀಲರು ನನ್ನ ಚೆಂದದ ಹೇಳಿಕೆಯನ್ನು ಮಡಚಿ ಕೆಳಗಿಟ್ಟರು. ಕಡತ ಮುಚ್ಚುವುದಿಲ್ಲ, ನಾಳೆ ಬೆಳಿಗ್ಗೆ ಹತ್ತಕ್ಕೆ ಕಾರ್ಖಾನೆಗೆ ಬಂದು ನೋಡುತ್ತೇನೆ, ಅಲ್ಲಿಯವರೆಗೆ ಆ ಯಂತ್ರದ ಹತ್ತಿರ ಯಾರೂ ಹೋಗಕೂಡದು ಎಂದು ಅಧಿಕಾರಿ ಬರೆಸಿದರು.

ಉದ್ದಣ್ಣ ನಮಗಿಂತ ಮುಂಚೆ ಹೊರಗೆ ಹೋಗಿದ್ದ. ಮೆಟ್ಟಿಲಿಳಿಯುವಾಗ ಕಂಬಿಯ ಹತ್ತಿರ ನಿಂತಿದ್ದ, ಕೈ ಜೇಬಿನಿಂದ ಹೊರಗಿತ್ತು.

"ನೀನು ನೋಡಿಯೂ ಸುಮ್ನಿದ್ದೆ" ಎಂದ.

ಅಪ್ಪ ಜೀರುಂಡೆ ಎತ್ತಲಿಲ್ಲ. ಕಂಬಿಯ ಮೇಲೆ ಒಂದು ಸಲ ತಟ್ಟಿದರು.

"ಎಂಟು ದಿನ."

ಒಂದು ಸಲ.

"ಉದ್ದಣ್ಣ, ಆ ಸಾಲು ನಂದು" ಎಂದೆ ನಾನು. ಅವನು ನನ್ನ ಕಡೆ ನೋಡಲೂ ಇಲ್ಲ. ನಾಲ್ಕು ಮೆಟ್ಟಿಲು ಇಳಿದ. ಇನ್ನೂ ಎರಡು ಇಳಿದ. ಅಪ್ಪ ಕಂಬಿ ಹಿಡಿದು ನಿಂತೇ ಇದ್ದರು. ಹೆಬ್ಬೆರಳಿನ ತುದಿಯಲ್ಲಿ ಮುಚ್ಚಳದ ಮೂಲೆ ಕೊರೆದ ಗುರುತು ಇನ್ನೂ ಬೆಳ್ಳಗಿತ್ತು.

ಕೆಳಗಿನಿಂದ ಉದ್ದಣ್ಣ ತಿರುಗಿದ.

"ನಾಳೆ ಆ ಡಬ್ಬಿ ಎಲ್ಲಿದೆ ಅಂತ ತೋರ್ಸೋಕೆ ನೀನೇ ಬರ್ಬೇಕು. ಹತ್ತು ಗಂಟೆ. ತಡ ಮಾಡ್ಬೇಡ."

ಅಪ್ಪ ಕಂಬಿಯ ಮೇಲೆ ತಟ್ಟಿದರು. ಒಂದೇ ಸಲ. ಅವನು ಅಷ್ಟು ದೂರದಿಂದ ಕೇಳಿಸಿಕೊಳ್ಳುವಷ್ಟು ಜೋರಾಗಿ.